ಪಂಜರದ ಹೆಬ್ಬಾವು

ಯಳಂದೂರು ತಾಲ್ಲೂಕಿನ ಅಗರವೂ ಅದರ ಸುತ್ತಣ ಹಳ್ಳಿಗಳೂ ಬೇಸಾಯವನ್ನೇ ನಂಬಿ ಬಾಳುವ ಊರುಗಳು. ಒಂದು ಕಡೆ ಸುವರ್ಣಾವತಿಯ ಬಯಲು, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು. ನಡುವೆ ಭತ್ತದ ಮತ್ತು ಕಬ್ಬಿನ ಗದ್ದೆಗಳು. ಇಂತಹ ನೆಲದಲ್ಲಿ ಹೆಬ್ಬಾವು ಕಾಣಿಸಿಕೊಳ್ಳುವುದು ಸೋಜಿಗದ ಸಂಗತಿಯಲ್ಲ. ಕಬ್ಬಿನ ಮರೆಯಲ್ಲಿ ಇಲಿ ಹೆಗ್ಗಣಗಳು ಸೇರುತ್ತವೆ. ಅವುಗಳ ಬೆನ್ನು ಹತ್ತಿ ಹೆಬ್ಬಾವು ಬರುತ್ತದೆ. ಕಟಾವಿನ ದಿನ ಆಳುಗಳ ಕತ್ತಿಯ ಮುಂದೆ ಅದು ಬಯಲಾಗುತ್ತದೆ. ಆ ಗಳಿಗೆಯಲ್ಲಿ ರೈತನ ಮುಂದೆ ಮೂರು ದಾರಿಗಳಿವೆ. ಹೊಡೆದು ಕೊಲ್ಲುವುದು ಒಂದು. ಅರಣ್ಯ ಇಲಾಖೆಯವರನ್ನು ಕರೆಸುವುದು ಎರಡನೆಯದು. ಹಿಡಿದು ಚೀಲಕ್ಕೆ ತುಂಬಿ ಮನೆಗೆ ಒಯ್ಯುವುದು ಮೂರನೆಯದು.

ಕೊಲ್ಲುವುದು ತಪ್ಪೆಂಬುದನ್ನು ಈಗ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಮೂರನೆಯ ದಾರಿಯನ್ನು ತಪ್ಪೆಂದು ಎಣಿಸುವವರು ಕಡಮೆ. ‘ಕೊಲ್ಲಲಿಲ್ಲವಲ್ಲ, ಸಾಕಿದೆನಲ್ಲ, ಕೋಳಿ ಕೊಟ್ಟು ಸಲಹಿದೆನಲ್ಲ’ ಎಂದು ಹೇಳುವಾತನು ತಾನು ದಯಾಧರ್ಮವನ್ನೇ ಆಚರಿಸಿದೆನೆಂದು ನಂಬಿರುತ್ತಾನೆ. ನೆರೆಹೊರೆಯವರೂ ಹಾಗೆಯೇ ನಂಬುತ್ತಾರೆ. ಹಾವನ್ನು ಕೊರಳಿಗೆ ಸುತ್ತಿಕೊಂಡು ತೆಗೆಸಿದ ಚಿತ್ರವು ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ನೋಡಿದವರು ಧೈರ್ಯಶಾಲಿಯೆಂದು ಹೊಗಳುತ್ತಾರೆ. ಇದನ್ನು ದಯೆಯೆಂದಾಗಲಿ ಧೈರ್ಯವೆಂದಾಗಲಿ ನಾವು ಒಪ್ಪಲಾರೆವು. ಹೆಬ್ಬಾವನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಆ ಜೀವಿಗೆ ಸಲ್ಲಬೇಕಾದ ಪಾಲನೆಯನ್ನು ಯಾವ ಸಾಧಾರಣ ಮನೆಯೂ ಒದಗಿಸಲಾರದು. ಈ ಎರಡನೆಯ ಮಾತನ್ನು ಮೊದಲು ವಿಚಾರಿಸೋಣ.

ನಮ್ಮ ಹೆಬ್ಬಾವು ವಿಷವಿಲ್ಲದ ಹಾವು. ಬೇಟೆಯನ್ನು ಕಚ್ಚಿ ಹಿಡಿದು ಸುರುಳಿ ಸುತ್ತಿ ಬಿಗಿಯುತ್ತದೆ. ಬಿಗಿತಕ್ಕೆ ರಕ್ತದ ಸಂಚಾರ ನಿಂತು ಬೇಟೆ ಸಾಯುತ್ತದೆ. ಪೂರ್ಣ ಬೆಳೆದದ್ದು ಸಾಮಾನ್ಯವಾಗಿ ಮೂರು ಮೀಟರು ಅಥವಾ ಅದಕ್ಕಿಂತ ಹೆಚ್ಚು ಉದ್ದವಿರುತ್ತದೆ. ತುಟಿಯ ಅಂಚಿನಲ್ಲಿರುವ ಚಿಕ್ಕ ಕುಳಿಗಳಿಂದ ಅದು ಬಿಸಿರಕ್ತದ ಪ್ರಾಣಿಯ ಮೈಯ ಶಾಖವನ್ನು ಕತ್ತಲೆಯಲ್ಲಿಯೂ ಅರಿಯಬಲ್ಲುದು. ನೀರನ್ನು ಪ್ರೀತಿಸುತ್ತದೆ, ಚೆನ್ನಾಗಿ ಈಜುತ್ತದೆ, ಎಳೆಯ ಪ್ರಾಯದಲ್ಲಿ ಮರವನ್ನೂ ಏರುತ್ತದೆ. ರಾಜಸ್ಥಾನದ ಭರತಪುರದ ಕೇವಲಾದೇವ ಉದ್ಯಾನದಲ್ಲಿ ೧೯೮೦ರ ದಶಕದಲ್ಲಿ ಹೆಬ್ಬಾವುಗಳನ್ನು ಅಭ್ಯಸಿಸಿದ ವಿಜ್ಞಾನಿಗಳು, ಅವು ಮುಳ್ಳುಹಂದಿಗಳು ತೋಡಿದ ಬಿಲಗಳಲ್ಲಿ ಬೀಡುಬಿಡುವುದನ್ನು ಕಂಡರು. ಚಳಿಗೆ ಬಿಲ, ಬಿಸಿಲು ಕಾಯಲು ಬಿಲದ ಬಾಯಿ, ಬೇಸಗೆಗೆ ನೀರು, ಹಸಿವಿಗೆ ಪೊದೆ: ಹೀಗೆ ಋತುವಿಗೊಂದು ನೆಲೆಯನ್ನು ಹುಡುಕಿಕೊಳ್ಳುವ ಜೀವಿಯಿದು. ಇಂತಹುದನ್ನು ನಾವು ಒಂದು ತಗಡಿನ ಪೆಟ್ಟಿಗೆಯಲ್ಲಿಯೋ ಗಾಜಿನ ತೊಟ್ಟಿಯಲ್ಲಿಯೋ ಇರಿಸಿ ‘ಸಾಕಿದೆವು’ ಎನ್ನುತ್ತೇವೆ.

ಸಾಕುವುದೆಂದರೇನು? ಹಾವು ತನ್ನ ಮೈಯ ಶಾಖಕ್ಕೆ ಹೊರಗಿನ ಶಾಖವನ್ನೇ ನಂಬಿದ ಪ್ರಾಣಿ. ಆದುದರಿಂದ ಅದರ ಗೂಡಿನಲ್ಲಿ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ಸುಮಾರು ೨೫ರಿಂದ ೩೨ ಡಿಗ್ರಿ ಸೆಂಟಿಗ್ರೇಡಿನ ನಡುವೆ ಅದು ತನಗೆ ಬೇಕಾದ ಎಡೆಯನ್ನು ತಾನೇ ಆರಿಸಿಕೊಳ್ಳುವಂತಿರಬೇಕು. ನುಂಗಿದ ಮೇಲೆ ಮೈ ತಣ್ಣಗಾದರೆ ಆಹಾರವು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಕೊಳೆಯುತ್ತದೆ. ಹಾವು ಅದನ್ನು ಕಕ್ಕುತ್ತದೆ. ಹೀಗೆ ಪದೇ ಪದೇ ಆದರೆ ಸೊರಗಿ ಸಾಯುತ್ತದೆ. ಉಂಡ ಹೆಬ್ಬಾವಿನ ಒಳಗೆ ನಡೆಯುವ ಕೆಲಸವು ಅಲ್ಪವಲ್ಲ. ಬರ್ಮಾದ ಹೆಬ್ಬಾವಿನ ಹೃದಯವು ಊಟವಾದ ಎರಡು ಮೂರು ದಿನಗಳಲ್ಲಿ ನೂರಕ್ಕೆ ನಲವತ್ತರಷ್ಟು ಹಿಗ್ಗುವುದೆಂದು ೨೦೦೫ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಆ ದಿನಗಳಲ್ಲಿ ಅದಕ್ಕೆ ಬೇಕಾದದ್ದು ಏಕಾಂತ ಮತ್ತು ಶಾಖ. ನಮ್ಮ ಸಾಕಣೆಗಾರನು ಅದೇ ದಿನಗಳಲ್ಲಿ, ಉಬ್ಬಿದ ಹೊಟ್ಟೆಯನ್ನು ತೋರಿಸುವುದಕ್ಕಾಗಿ, ಅದನ್ನು ನೆಂಟರಿಷ್ಟರ ಮುಂದೆ ಎತ್ತಿ ಹಿಡಿಯುತ್ತಾನೆ.

ಇಷ್ಟಕ್ಕೇ ಮುಗಿಯಲಿಲ್ಲ. ಮೈಪೂರ್ತಿ ಮುಳುಗುವಷ್ಟು ನೀರಿನ ತೊಟ್ಟಿ ಬೇಕು. ಆ ನೀರನ್ನು ತಪ್ಪದೆ ಬದಲಿಸಬೇಕು. ಗಾಳಿಯಲ್ಲಿ ತೇವ ಸಾಲದಿದ್ದರೆ ಪೊರೆಯು ತುಂಡುತುಂಡಾಗಿ ಕಳಚುತ್ತದೆ. ಕಣ್ಣಿನ ಮೇಲಣ ಪೊರೆ ಅಲ್ಲಿಯೇ ಉಳಿದು ಹಾವಿಗೆ ಕುರುಡು ಕವಿಯುತ್ತದೆ. ತೇವ ಹೆಚ್ಚಾಗಿ ಗಾಳಿಯಾಡದಿದ್ದರೆ ಹೊಟ್ಟೆಯಡಿಯ ಹುರುಪೆಗಳಲ್ಲಿ ಹುಣ್ಣಾಗುತ್ತದೆ, ಶ್ವಾಸಕೋಶ ಕಟ್ಟುತ್ತದೆ, ಬಾಯಿ ಕೊಳೆಯುವ ರೋಗ ಬರುತ್ತದೆ. ಹುರುಪೆಗಳ ಸಂದಿನಲ್ಲಿ ಉಣ್ಣೆಗಳು ಸೇರಿ ರಕ್ತ ಹೀರುತ್ತವೆ. ಜೀವಂತ ಇಲಿಯನ್ನು ಗೂಡಿಗೆ ಬಿಟ್ಟು ಮಲಗಿದರೆ, ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯಗೊಳಿಸುವುದೂ ಉಂಟು. ಹಾವಿನ ವೈದ್ಯವನ್ನು ಬಲ್ಲವರು ನಮ್ಮ ದೊಡ್ಡ ನಗರಗಳಲ್ಲಿಯೇ ವಿರಳ. ದನಕರುಗಳಿಗೇ ಸಕಾಲದಲ್ಲಿ ವೈದ್ಯರು ದೊರೆಯದ ಹಳ್ಳಿಗಳಲ್ಲಿ ಹಾವಿಗೆ ವೈದ್ಯರನ್ನು ಎಲ್ಲಿಂದ ತರಬೇಕು? ಹೆಬ್ಬಾವು ರೋಗವನ್ನು ಕೂಗಿ ಹೇಳುವುದಿಲ್ಲ. ಅದು ತಿಂಗಳುಗಟ್ಟಲೆ ಉಪವಾಸವಿದ್ದು ಸಾಯುತ್ತಿರುವಾಗಲೂ ನೋಡುವವರಿಗೆ ನೆಮ್ಮದಿಯಿಂದ ಮಲಗಿರುವಂತೆ ತೋರುತ್ತದೆ. ಈ ಮೌನವನ್ನೇ ಜನರು ತೃಪ್ತಿಯೆಂದು ತಿಳಿಯುತ್ತಾರೆ.

ಇನ್ನು ಕಾಲದ ಮಾತು. ಒಳ್ಳೆಯ ಪಾಲನೆ ದೊರೆತ ಹೆಬ್ಬಾವು ಇಪ್ಪತ್ತು ವರ್ಷಗಳಿಗೂ ಮೀರಿ ಬದುಕುತ್ತದೆ. ಮೊಳದುದ್ದದ ಮರಿಯನ್ನು ಕಂಡು ಮೋಹಗೊಂಡ ಹುಡುಗನು ನಡುವಯಸ್ಸಿಗೆ ಕಾಲಿಡುವ ವರೆಗೂ ಅದನ್ನು ನೋಡಿಕೊಳ್ಳಬೇಕು. ಮರಿಯು ಕೆಲವೇ ವರ್ಷಗಳಲ್ಲಿ ಒಬ್ಬನ ಕೈಗೆ ಮೀರಿದ ಪ್ರಾಣಿಯಾಗುತ್ತದೆ. ಮೂರು ಮೀಟರಿನ ಹಾವನ್ನು ಒಬ್ಬಂಟಿಯಾಗಿ ಮುಟ್ಟಬಾರದೆಂಬುದು ಬಲ್ಲವರ ನಿಯಮ. ಅದು ಸಾಕಿದವನನ್ನು ಒಡೆಯನೆಂದು ಗುರುತಿಸುವುದಿಲ್ಲ. ಕೈಗೆ ಕೋಳಿಯ ವಾಸನೆ ಅಂಟಿದ್ದರೆ ಕೈಯನ್ನೇ ಕೋಳಿಯೆಂದು ಹಿಡಿಯುತ್ತದೆ. ಅದು ಹಾವಿನ ಅಪರಾಧವಲ್ಲ. ೨೦೧೩ರ ಆಗಸ್ಟಿನಲ್ಲಿ ಕೆನಡಾ ದೇಶದ ಕ್ಯಾಂಬೆಲ್‌ಟನ್ ಎಂಬಲ್ಲಿ ಮನೆಯೊಳಗೆ ಇರಿಸಿದ್ದ ಆಫ್ರಿಕದ ಹೆಬ್ಬಾವೊಂದು ತನ್ನ ಗೂಡಿನಿಂದ ತಪ್ಪಿಸಿಕೊಂಡು, ಗಾಳಿಯ ಕೊಳವೆಯ ಮಾರ್ಗವಾಗಿ ಸಾಗಿ, ಮಲಗಿದ್ದ ಇಬ್ಬರು ಎಳೆಯ ಬಾಲಕರ ಪ್ರಾಣವನ್ನು ತೆಗೆಯಿತು. ಇಂತಹ ಘಟನೆಗಳು ಅತ್ಯಂತ ವಿರಳವೆಂಬುದು ನಿಜ. ಆದರೆ ಕಾಡಿನ ಹೆಬ್ಬಾವು ಮನುಷ್ಯನನ್ನು ಕಂಡರೆ ಸರಿದು ಹೋಗುತ್ತದೆ. ಮಕ್ಕಳು ಮಲಗುವ ಕೋಣೆಯ ಪಕ್ಕಕ್ಕೆ ಅದನ್ನು ತಂದಿರಿಸುವವನು ಮನುಷ್ಯನೇ ಎಂಬುದನ್ನು ಮರೆಯಕೂಡದು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದನ್ನು ನ್ಯಾಯವಾಗಿ ವಿಚಾರಿಸುವುದು ನಮ್ಮ ಕರ್ತವ್ಯ. ಹಾವುಗಳನ್ನು ಹತ್ತಿರದಿಂದ ನೋಡಿದವರಲ್ಲದೆ ಅವುಗಳ ವಿಷಯವಾಗಿ ನಮಗೆ ಕಲಿಸಿದವರು ಯಾರು ಎಂದು ಕೇಳಬಹುದು. ಮಾತಿನಲ್ಲಿ ಸತ್ಯವಿದೆ. ಹೆಣ್ಣು ಹೆಬ್ಬಾವು ಮೊಟ್ಟೆಗಳನ್ನು ಸುತ್ತಿ ಕುಳಿತು ಕಾವು ಕೊಡುವುದೆಂದು ಭಾರತದಲ್ಲಿ ಸಂಚರಿಸಿದ್ದ ಲಾಮಾರ್ ಪಿಕೊ ಎಂಬ ಫ್ರೆಂಚ್ ಪ್ರವಾಸಿಯು ೧೮೩೨ರಲ್ಲಿ ಪ್ಯಾರಿಸಿನ ವಿಜ್ಞಾನ ಪರಿಷತ್ತಿಗೆ ತಿಳಿಸಿದಾಗ ಪಂಡಿತರು ನಂಬಲಿಲ್ಲ. ೧೮೪೧ರಲ್ಲಿ ಪ್ಯಾರಿಸಿನ ಪ್ರಾಣಿಸಂಗ್ರಹದಲ್ಲಿದ್ದ ಹೆಬ್ಬಾವೊಂದು ಮೊಟ್ಟೆಯಿಟ್ಟಾಗ ವಾಲೆನ್ಸಿಯೆನ್ ಎಂಬ ವಿಜ್ಞಾನಿಯು ಶಾಖಮಾಪಕದಿಂದ ಅಳೆದು ಆ ಮಾತು ನಿಜವೆಂದು ಸ್ಥಾಪಿಸಿದನು. ಸ್ನಾಯುಗಳನ್ನು ನಡುಗಿಸಿ ಶಾಖವನ್ನು ಹುಟ್ಟಿಸಿ ಮೊಟ್ಟೆಗಳನ್ನು ಕಾಯುವ ಆ ತಾಯಿಯ ವಿಷಯವನ್ನು ಲೋಕವು ಅರಿತದ್ದು ಪಂಜರದ ಹಾವಿನಿಂದಲೇ. ಮದರಾಸಿನಲ್ಲಿ ಸರ್ಪೋದ್ಯಾನವನ್ನು ಸ್ಥಾಪಿಸಿದ ರಾಮುಲಸ್ ವ್ಹಿಟೇಕರ್ ಅವರೂ ಬಾಲ್ಯದಿಂದ ಹಾವುಗಳನ್ನು ಸಾಕಿ ಬೆಳೆದವರೇ.

ಆದರೆ ಇದರಿಂದ ಹೊರಡುವ ನಿರ್ಣಯವೇನು? ಅಂತಹ ಕೆಲಸಕ್ಕೆ ಸಂಸ್ಥೆಗಳಿವೆ ಎಂಬುದೇ. ೧೮೯೨ರಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರವರು ಸ್ಥಾಪಿಸಿದ ಮೈಸೂರಿನ ಮೃಗಾಲಯವು ನಮ್ಮ ಅಗರದ ಜನರಿಗೆ ದೂರವಲ್ಲ. ಬನ್ನೇರುಘಟ್ಟದಲ್ಲಿಯೂ ಮಂಗಳೂರಿನ ಪಿಲಿಕುಳದಲ್ಲಿಯೂ ಉದ್ಯಾನಗಳಿವೆ. ಅಲ್ಲಿ ವೈದ್ಯರಿದ್ದಾರೆ, ಪಾಲಕರಿದ್ದಾರೆ. ಎಲ್ಲಕ್ಕೂ ಮೇಲಾಗಿ ೧೯೯೨ರಲ್ಲಿ ಏರ್ಪಟ್ಟ ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಅವು ಉತ್ತರ ಹೇಳಬೇಕಾಗಿದೆ. ಮನೆಯೊಳಗಿನ ಪಂಜರವು ಯಾರಿಗೆ ಉತ್ತರ ಹೇಳುತ್ತದೆ? ಹಾವನ್ನು ಅರಿಯಬೇಕೆಂಬ ಹಂಬಲವುಳ್ಳ ತರುಣನು ಈ ಸಂಸ್ಥೆಗಳ ಬಾಗಿಲನ್ನು ತಟ್ಟಲಿ. ಅವು ಅವನನ್ನು ಆದರದಿಂದ ಬರಮಾಡಿಕೊಳ್ಳಲಿ. ಜ್ಞಾನದ ಹಂಬಲಕ್ಕೂ ಒಡೆತನದ ಹಂಬಲಕ್ಕೂ ಅಂತರವಿದೆ.

ಈಗ ಕಾನೂನು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿಯೇ, ನಮ್ಮ ಹೆಬ್ಬಾವಿಗೆ ಸ್ಥಾನವಿದೆ. ಅದನ್ನು ಹಿಡಿಯುವುದು ಕಾಯಿದೆಯ ಕಣ್ಣಿನಲ್ಲಿ ಬೇಟೆಗೆ ಸಮಾನ. ೨೦೨೨ರಲ್ಲಿ ತಿದ್ದುಪಡಿಯಾಗಿ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ ಈ ಅಪರಾಧಕ್ಕೆ ಮೂರು ವರ್ಷಕ್ಕೆ ಕಡಮೆಯಿಲ್ಲದ, ಏಳು ವರ್ಷಗಳ ವರೆಗೆ ವಿಸ್ತರಿಸಬಹುದಾದ ಸೆರೆಮನೆವಾಸವೂ, ೨೫,೦೦೦ ರೂಪಾಯಿಗೆ ಕಡಮೆಯಿಲ್ಲದ ದಂಡವೂ ವಿಧಿತವಾಗಿವೆ. ವಿದೇಶದ ಹೆಬ್ಬಾವುಗಳನ್ನು ಇಟ್ಟುಕೊಂಡವರು ೨೦೨೪ರ ನಿಯಮಗಳ ಪ್ರಕಾರ ಸರ್ಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ವಿನೋದಕ್ಕೆಂದು ಹಾವನ್ನು ಹಿಡಿದಿಟ್ಟ ಹಳ್ಳಿಯ ಹುಡುಗನಿಗೆ ಈ ಕಾಯಿದೆಯ ಗುರುತ್ವವು ಎಷ್ಟೋ ವೇಳೆ ತಿಳಿದಿರುವುದಿಲ್ಲ. ತಿಳಿಸುವ ಹೊಣೆ ಅಧಿಕಾರಿಗಳದು. ಮೊದಲು ತಿಳಿಸಿ ಅನಂತರ ದಂಡಿಸುವುದು ನ್ಯಾಯದ ಕ್ರಮ.

ಆದರೆ ತಿಳಿದೂ ಮಾಡುವವರ ವಿಷಯವೇನು? ೨೦೨೩ರ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಪೆಟ್ಟಿಗೆಗಳಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಸುಂಕದ ಅಧಿಕಾರಿಗಳು ೨೩೪ ಪ್ರಾಣಿಗಳನ್ನು ಕಂಡರು; ಅವುಗಳಲ್ಲಿ ಹೆಬ್ಬಾವುಗಳಿದ್ದುವು, ಸತ್ತುಹೋಗಿದ್ದ ಕಾಂಗರೂ ಮರಿಯೊಂದೂ ಇದ್ದಿತು. ಮರುತಿಂಗಳು ಅದೇ ನಿಲ್ದಾಣದಲ್ಲಿ ೫೫ ಆಫ್ರಿಕದ ಬಾಲ್ ಪೈಥಾನ್ ಹೆಬ್ಬಾವುಗಳು, ೧೭ ಕಾಳಿಂಗಗಳು ಮತ್ತು ಸತ್ತ ಆರು ಕೋತಿಗಳು ಸಿಕ್ಕಿದುವು. ೨೦೨೪ರ ಏಪ್ರಿಲಿನಲ್ಲಿ ಹತ್ತು ಹಳದಿ ಅನಕೊಂಡಗಳು. ಇವು ಸಿಕ್ಕಿಬಿದ್ದುವು, ಸಿಗದೆ ಒಳಬಂದುವು ಎಷ್ಟೋ! ಕೊಳ್ಳುವ ಕೈಯಿಲ್ಲದೆ ಮಾರುವ ಕೈಯಿರುವುದಿಲ್ಲ. ವಿದೇಶೀ ವಸ್ತ್ರದ ಮೋಹವನ್ನು ಬಿಟ್ಟು ಸುಟ್ಟ ನಾಡಿನಲ್ಲಿ, ವಿದೇಶದ ಹಾವು ಮನೆಯಲ್ಲಿರುವುದೇ ಪ್ರತಿಷ್ಠೆಯೆಂಬ ಹೊಸ ಮೋಹವು ಸಿರಿವಂತರಲ್ಲಿ ತಲೆಯೆತ್ತಿರುವುದು ಶೋಚನೀಯ.

ಈ ಮೋಹದ ಫಲವೇನೆಂಬುದಕ್ಕೆ ಅಮೆರಿಕದ ಫ್ಲಾರಿಡಾ ಪ್ರಾಂತವು ಸಾಕ್ಷಿಯಾಗಿದೆ. ನಮ್ಮ ಹೆಬ್ಬಾವಿನ ಸೋದರನಾದ, ೨೦೦೯ರ ವರೆಗೆ ಅದರ ಉಪಜಾತಿಯೆಂದೇ ಎಣಿಸಲ್ಪಟ್ಟಿದ್ದ ಬರ್ಮಾದ ಹೆಬ್ಬಾವನ್ನು ಅಲ್ಲಿಯ ಜನರು ಮುದ್ದಿಗೆಂದು ಕೊಂಡರು. ಬೆಳೆದ ಮೇಲೆ ಸಲಹಲಾರದೆ ಬಿಟ್ಟ, ಮತ್ತು ಗೂಡಿನಿಂದ ತಪ್ಪಿಸಿಕೊಂಡ ಹಾವುಗಳು ಎವರ್‌ಗ್ಲೇಡ್ಸ್ ಎಂಬ ಜೌಗು ಪ್ರದೇಶದಲ್ಲಿ ನೆಲೆಸಿ ಮರಿಮಾಡಿದುವು. ಅವು ಬಹುಕಾಲ ನೆಲೆಸಿದ ಭಾಗಗಳಲ್ಲಿ ರಕೂನ್ ಎಂಬ ಪ್ರಾಣಿಯು ಕಾಣಸಿಗುವುದು ನೂರಕ್ಕೆ ೯೯ರಷ್ಟು ಕಡಮೆಯಾಯಿತೆಂದು ೨೦೧೨ರ ಅಧ್ಯಯನವೊಂದು ತಿಳಿಸಿತು. ಅದೇ ವರ್ಷ ಅಮೆರಿಕದ ಸರ್ಕಾರವು ಆ ಹಾವಿನ ಆಮದನ್ನು ನಿಷೇಧಿಸಿತು. ಆದರೆ ಆ ವೇಳೆಗೆ ಕೈಮೀರಿ ಹೋಗಿದ್ದಿತು. ಬ್ಯಾಂಕಾಕಿನ ಪೆಟ್ಟಿಗೆಯಿಂದ ಬಂದ ಹಾವನ್ನು ಬೇಸರವಾದ ದಿನ ಕಾವೇರಿಯ ದಡದಲ್ಲಿ ಬಿಟ್ಟುಹೋಗುವವನು ಹುಟ್ಟಲಾರನೆಂದು ಯಾರು ಭರವಸೆ ಕೊಡಬಲ್ಲರು?

ಬಿಳಿಗಿರಿಯ ಸೋಲಿಗರನ್ನು ಇಲ್ಲಿ ನೆನೆಯದೆ ಇರಲಾಗದು. ಬೆಟ್ಟದ ರಂಗನಾಥನು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂದು ಹೇಳಿ ಅವನನ್ನು ಬಾವನೆಂದೇ ಕರೆಯುವ ಜನರು ಅವರು. ೧೯೭೪ರಲ್ಲಿ ಆ ಕಾಡು ಅಭಯಾರಣ್ಯವಾದಾಗ ವನ್ಯಮೃಗಗಳ ರಕ್ಷಣೆಯ ಹೆಸರಿನಲ್ಲಿ ಅವರು ಬೇಟೆಯನ್ನು ಬಿಟ್ಟರು, ತಲೆತಲಾಂತರದ ಬೇಸಾಯಪದ್ಧತಿಯನ್ನು ಬಿಟ್ಟರು, ಹಲವರು ನೆಲೆಯನ್ನೇ ಬಿಟ್ಟರು. ೨೦೧೧ರಲ್ಲಿ ಅರಣ್ಯಹಕ್ಕುಗಳ ಪತ್ರವು ಕೈಗೆ ಬರುವ ವರೆಗೆ ಅವರು ಸಹಿಸಿದ ಕಷ್ಟವು ಸಾಮಾನ್ಯವಲ್ಲ. ಹಸಿವಿಗಾಗಿ ಬೇಟೆಯಾಡಿದವರಿಗೆ ಕಾಯಿದೆಯು ಇಷ್ಟು ಕಠಿನವಾಗಿದ್ದಿತು ಎಂದ ಮೇಲೆ, ಬೆಡಗಿಗಾಗಿ ಹೆಬ್ಬಾವನ್ನು ಗಾಜಿನ ತೊಟ್ಟಿಯಲ್ಲಿರಿಸುವ ನಗರವಾಸಿಗೆ ಅದು ಮೃದುವಾಗುವುದು ಯಾವ ನ್ಯಾಯ?

ಹಾಗೆಯೇ ರೈತನ ಅಹವಾಲನ್ನೂ ಕೇಳಬೇಕು. ಹೆಬ್ಬಾವು ಇಲಿ ಹೆಗ್ಗಣಗಳನ್ನು ತಿಂದು ಬೆಳೆಗೆ ಉಪಕಾರ ಮಾಡುತ್ತದೆಂಬುದು ದಿಟ. ಆದರೆ ಅದೇ ಹೆಬ್ಬಾವು ಬಡವನ ಕೊಟ್ಟಿಗೆಯಿಂದ ಆಡಿನ ಮರಿಯನ್ನು ಒಯ್ದರೆ, ಆ ನಷ್ಟವನ್ನು ಪ್ರಕೃತಿಯ ಸಮತೋಲವೆಂಬ ಮಾತಿನಿಂದ ತುಂಬಲಾಗದು. ನಷ್ಟಪರಿಹಾರವು ನಿಸ್ಸಂದೇಹವಾಗಿಯೂ ಶೀಘ್ರವಾಗಿಯೂ ದೊರೆಯಬೇಕು. ಹಾವನ್ನು ಕಂಡು ಕರೆ ಕಳುಹಿಸಿದ ರೈತನು ಗದ್ದೆಯ ಬದುವಿನ ಮೇಲೆ ಸಂಜೆಯ ವರೆಗೆ ಕಾಯುತ್ತ ಕುಳಿತರೆ, ಕಟಾವಿನ ಆಳುಗಳ ಕೂಲಿಯನ್ನು ಕೊಡುವವರು ಯಾರು? ಒಂದು ಬಾರಿ ಕಾದು ಬೇಸತ್ತವನು ಎರಡನೆಯ ಬಾರಿ ಕರೆಯುವುದಿಲ್ಲ. ದೊಣ್ಣೆಯನ್ನೆತ್ತುತ್ತಾನೆ, ಅಥವಾ ಹಾವನ್ನು ಕೇಳಿ ಬಂದವನ ಕೈಗೆ ಕೊಟ್ಟು ಕಳುಹಿಸುತ್ತಾನೆ.

ಆದುದರಿಂದ ಸರ್ಕಾರದವರಲ್ಲಿಯೂ ಮಹಾಜನರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟು. ಮೊದಲನೆಯದಾಗಿ, ಕಬ್ಬಿನ ಕಟಾವಿನ ಕಾಲದಲ್ಲಿ ಅಗರದಂತಹ ಹೋಬಳಿಗಳಲ್ಲಿ ಹಾವು ಹಿಡಿಯಲು ಶಿಕ್ಷಣ ಪಡೆದವರು ಬೇಗನೆ ತಲಪುವಂತೆ ಅರಣ್ಯ ಇಲಾಖೆಯವರು ಏರ್ಪಾಡು ಮಾಡಬೇಕು. ಹಳ್ಳಿಯ ತರುಣರಲ್ಲಿ ಆಸಕ್ತರನ್ನು ಆರಿಸಿ ಅವರಿಗೇ ಈ ಶಿಕ್ಷಣವನ್ನು ಕೊಟ್ಟರೆ ಕೊರಳಿಗೆ ಹಾವು ಸುತ್ತಿಕೊಳ್ಳುವ ಉತ್ಸಾಹವು ಸಾರ್ಥಕವಾದೀತು. ಎರಡನೆಯದಾಗಿ, ಹಿಡಿದ ಹಾವನ್ನು ಬಹುದೂರಕ್ಕೆ ಒಯ್ದು ಅಪರಿಚಿತವಾದ ಕಾಡಿನಲ್ಲಿ ಬಿಡದೆ, ಸಿಕ್ಕಿದ ಎಡೆಗೆ ಸಮೀಪದ ಯೋಗ್ಯವಾದ ನೆಲೆಯಲ್ಲಿ ಬಿಡಬೇಕು. ನೆಲೆ ತಪ್ಪಿದ ಹಾವು ದಾರಿಗಾಣದೆ ಅಲೆದು ಅಪಾಯಕ್ಕೆ ಸಿಕ್ಕುತ್ತದೆ. ಮೂರನೆಯದಾಗಿ, ಈಗಾಗಲೇ ಮನೆಯಲ್ಲಿ ಹೆಬ್ಬಾವನ್ನು ಇಟ್ಟುಕೊಂಡವರು ಭಯದಿಂದ ಅದನ್ನು ರಾತ್ರೋರಾತ್ರಿ ಎಲ್ಲಿಯೋ ಬಿಟ್ಟುಬಿಡದೆ ಇಲಾಖೆಗೆ ಒಪ್ಪಿಸತಕ್ಕದ್ದು. ಬಹುಕಾಲ ಸೆರೆಯಲ್ಲಿದ್ದ ಹಾವು ರೋಗವನ್ನು ಹೊತ್ತಿರಬಹುದು, ವೈದ್ಯಪರೀಕ್ಷೆಯಿಲ್ಲದೆ ಅದನ್ನು ಕಾಡಿಗೆ ಬಿಡಕೂಡದು. ನಾಲ್ಕನೆಯದಾಗಿ, ಶಾಲೆಗಳ ಉಪಾಧ್ಯಾಯರು ಈ ಸಂಗತಿಗಳನ್ನು ಮಕ್ಕಳಿಗೆ ತಿಳಿಸಲಿ; ಮಕ್ಕಳಿಂದ ಮನೆಗೆ ಮಾತು ತಲಪುತ್ತದೆ.

ಕಲ್ಲಿನ ನಾಗನನ್ನು ಪೂಜಿಸಿ ಜೀವಂತ ನಾಗನನ್ನು ಹೊಡೆಯುವ ನಮ್ಮ ವಿಪರೀತವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದರು. ಪೂಜಿಸಲೂ ಒಲ್ಲದ, ಕೊಲ್ಲಲೂ ಒಲ್ಲದ, ಪೆಟ್ಟಿಗೆಯಲ್ಲಿಟ್ಟು ಮೆರೆಯಿಸುವ ಮೂರನೆಯ ವಿಪರೀತವು ನಮ್ಮ ಕಾಲಕ್ಕೆ ಉಳಿದಿದ್ದಿತು.

ವಾರ್ಧಾದ ಸಮೀಪದ ಸೇವಾಗ್ರಾಮದಲ್ಲಿ ಮಹಾತ್ಮಾಜಿಯವರು ನೆಲೆಸಿದ್ದ ಆಶ್ರಮವನ್ನು ನೋಡಹೋದವರಿಗೆ ಒಂದು ಮರದ ಇಕ್ಕಳವನ್ನೂ ಒಂದು ಪಂಜರವನ್ನೂ ತೋರಿಸುತ್ತಾರೆ. ಆಶ್ರಮದೊಳಗೆ ಬಂದ ಹಾವನ್ನು ನೋಯಿಸದೆ ಹಿಡಿದು, ಊರಾಚೆ ಒಯ್ದು ಬಿಡುವುದಕ್ಕಾಗಿ ಅವು ಇದ್ದುವು. ಅಲ್ಲಿಯ ಪಂಜರವು ಹಾವಿಗೆ ಮನೆಯಾಗಿರಲಿಲ್ಲ. ಮನೆಗೆ ಮರಳುವ ದಾರಿಯಾಗಿದ್ದಿತು. ಸೆರೆವಾಸವೆಂದರೇನೆಂಬುದನ್ನು ಯರವಾಡದಲ್ಲಿಯೂ ಆಗಾಖಾನ್ ಅರಮನೆಯಲ್ಲಿಯೂ ಸ್ವತಃ ಅನುಭವಿಸಿದ್ದ ಪುರುಷನ ಆಶ್ರಮದಲ್ಲಿ ಪಂಜರಕ್ಕೆ ಬೇರೆ ಉಪಯೋಗವಿರಲು ಸಾಧ್ಯವೂ ಇರಲಿಲ್ಲ. ಅಗರದ ಕಬ್ಬಿನ ಗದ್ದೆಯಲ್ಲಿ ಹೆಬ್ಬಾವನ್ನು ಕಂಡ ರೈತನೂ, ಅವನ ಕರೆಗೆ ಓಡಿ ಬರಬೇಕಾದ ಅಧಿಕಾರಿಯೂ ಆ ಪಂಜರವನ್ನೇ ಆದರ್ಶವಾಗಿ ಇಟ್ಟುಕೊಳ್ಳಲೆಂದು ನಾವು ಹಾರೈಸುತ್ತೇವೆ.